ಒಂದು ಓಟಿಗೆ ಬಿದ್ದ ಆಂಧ್ರಕೇಸರಿ

ಡೆಬಿಟ್ಟು, ಕ್ರೆಡಿಟ್ಟು ಎರಡೂ ಸಮ ಬರದಿದ್ದರೆ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಅಂತ ನಮ್ಮ ಬಿ.ಕಾಂ. ತರಗತಿಯಲ್ಲಿ ಹೇಳಿಕೊಡುತ್ತಾರೆ. ಟಂಗುಟೂರಿ ಪ್ರಕಾಶಂ ಪಂತುಲು ಅವರ ಬದುಕನ್ನು ನಾನು ಎಷ್ಟು ಸಲ ಕೂಡಿ ಕಳೆದರೂ ಸಮ ಬರುವುದಿಲ್ಲ. ವಿಜಯವಾಡಕ್ಕೆ ಹೋದವರು ಕೃಷ್ಣಾ ನದಿಯ ಮೇಲಿನ ಪ್ರಕಾಶಂ ಬ್ಯಾರೇಜನ್ನು ನೋಡಿರುತ್ತಾರೆ. ಆದರೆ ಆ ಹೆಸರಿನವರು ಎರಡು ಸಲ ಸರಕಾರ ನಡೆಸಿ, ಎರಡು ಸಲವೂ ಎಲ್ಲರ ಕಣ್ಣೆದುರೇ ಬಿದ್ದವರು ಅನ್ನೋದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಅವರು ಹುಟ್ಟಿದ್ದು 1872ರಲ್ಲಿ, ಒಂಗೋಲಿನ ಕಡೆಯ ವಿನೋದರಾಯುನಿಪಾಲೆಂ ಎಂಬ ಹಳ್ಳಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ತಾಯಿ ಒಂಗೋಲಿನಲ್ಲಿ ಊಟದ ಮನೆ ನಡೆಸಿ ಮಕ್ಕಳನ್ನು ಸಾಕಿದರು. ಹುಡುಗ ನಾಟಕದ ಹುಚ್ಚಿನವನಾದರೂ ಓದಿ ವಕೀಲನಾದ, ರಾಜಮಹೇಂದ್ರಿಯ ಪುರಸಭೆಯ ಅಧ್ಯಕ್ಷನಾದ, ಲಂಡನ್ನಿಗೆ ಹೋಗಿ ಬ್ಯಾರಿಸ್ಟರಾಗಿ ಬಂದ. ಮದ್ರಾಸಿನಲ್ಲಿ ಕೈತುಂಬ ಸಂಪಾದನೆ. 1921ರಲ್ಲಿ ಗಾಂಧೀಜಿಯ ಕರೆಗೆ ಓಗೊಟ್ಟು ವಕೀಲಿ ಬಿಟ್ಟು, ‘ಸ್ವರಾಜ್ಯ’ ಪತ್ರಿಕೆ ಹೊರಡಿಸಿದರು. ಗಳಿಸಿದ್ದನ್ನೆಲ್ಲ ಅದಕ್ಕೇ ಸುರಿದರು. ಪತ್ರಿಕೆ ಸಾಲದಲ್ಲಿ ಮುಳುಗಿ ನಿಂತೇ ಹೋಯಿತು.

1928ರಲ್ಲಿ ಸೈಮನ್ ಆಯೋಗ ಬಂದಾಗ ಮದ್ರಾಸಿನಲ್ಲಿ ಬಂದೂಕಿನೆದುರು ಎದೆ ಒಡ್ಡಿ ನಿಂತದ್ದರಿಂದ ಆಂಧ್ರಕೇಸರಿ ಎಂಬ ಬಿರುದು ಬಂತು. ಬಂದೂಕಿಗೆ ಹೆದರದವರು ಓಟಿಗೆ ಸೋತರು ಅನ್ನೋದೇ ಮುಂದಿನ ಕತೆ.

1946ರಲ್ಲಿ ಅವರು ಮದ್ರಾಸ್ ಪ್ರಾಂತದ ಪ್ರಧಾನಿಯಾದರು. ಆಗ ಪ್ರಾಂತದ ಮುಖ್ಯಮಂತ್ರಿಯನ್ನು ಹಾಗೆ ಕರೆಯುತ್ತಿದ್ದರು. ಜನ ಕೂಡಿಸಿ ಕೊಟ್ಟ ನಿಧಿಯನ್ನು ಸ್ವಂತಕ್ಕೆ ತೆಗೆದುಕೊಂಡರು ಎಂಬ ಕಾರಣಕ್ಕೆ ಗಾಂಧೀಜಿಗೇ ಅವರು ಆ ಪದವಿಗೆ ಬರುವುದು ಇಷ್ಟವಿರಲಿಲ್ಲ. ಖಾದಿ ಉಳಿಯಬೇಕಾದರೆ ಹೊಸ ಬಟ್ಟೆ ಗಿರಣಿ ಬೇಡ ಅಂತ ಇವರು ಹಟ ಹಿಡಿದರು. ಗಿರಣಿ ಮಾಲೀಕರು ಸಿಟ್ಟಾದರು, ಪಕ್ಷದವರೇ ತಿರುಗಿಬಿದ್ದರು. 1947ರ ಮಾರ್ಚಿನಲ್ಲಿ ಕುರ್ಚಿ ಹೋಯಿತು. ಸ್ವಾತಂತ್ರ್ಯಕ್ಕೆ ಇನ್ನು ಐದೇ ತಿಂಗಳಿತ್ತು!

ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಪ್ರಾಣ ಬಿಟ್ಟ ಮೇಲೆ, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ನಮ್ಮ ಬಳ್ಳಾರಿ ಜಿಲ್ಲೆಯೂ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಪ್ರಕಾಶಂ 81ನೇ ವಯಸ್ಸಿನಲ್ಲಿ ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿ. ರಾಜಧಾನಿ ವಿಜಯವಾಡ ಆಗಲಿ ಅಂತ ಕೆಲವರು, ವಿಶಾಖಪಟ್ಟಣ ಆಗಲಿ ಅಂತ ಕೆಲವರು. ಕೊನೆಗೆ ರಾಯಲಸೀಮೆಗೆ ಕೊಟ್ಟ ಮಾತಿನಂತೆ ಕರ್ನೂಲು ಆಯಿತು, ಕಚೇರಿಗಳು ಡೇರೆಯಲ್ಲಿ ನಡೆದವು. ಆ ಜಗಳ ಅಲ್ಲಿಗೇ ಮುಗಿಯಲಿಲ್ಲ. 2020ರಲ್ಲಿ ವಿಶಾಖಪಟ್ಟಣ, ಅಮರಾವತಿ, ಕರ್ನೂಲು ಎಂದು ಮೂರು ರಾಜಧಾನಿಗಳ ಕಾನೂನು ಮಾಡಿ, 2021ರಲ್ಲಿ ಹಿಂತೆಗೆದುಕೊಂಡರು.

ಪ್ರಕಾಶಂ ಸರಕಾರವನ್ನು ಬೀಳಿಸಿದ್ದು ಪಾನನಿರೋಧ. ಅದರಿಂದ ಹೆಂಡ ಇಳಿಸುವವರ ಹೊಟ್ಟೆಪಾಡು ಹೋಗಿತ್ತು. ಸರಕಾರವೇ ನೇಮಿಸಿದ ರಾಮಮೂರ್ತಿ ಸಮಿತಿ ಪಾನನಿರೋಧ ತೆಗೆಯಿರಿ ಅಂದಿತು. ಸರಕಾರ ಕೇಳಲಿಲ್ಲ. 1954ರ ನವೆಂಬರಿನಲ್ಲಿ ಅವಿಶ್ವಾಸದ ಮತ ಬಂತು. ವಿರುದ್ಧ 69, ಪರವಾಗಿ 68. ಹದಿಮೂರು ತಿಂಗಳ ಸರಕಾರ ಒಂದೇ ಓಟಿಗೆ ಉರುಳಿತು, ರಾಷ್ಟ್ರಪತಿ ಆಳ್ವಿಕೆ ಬಂತು.

ಅವರನ್ನು ಹೊಗಳುವವರು ಇದನ್ನೆಲ್ಲ ತತ್ವನಿಷ್ಠೆ ಅನ್ನುತ್ತಾರೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಗಿರಣಿ ಮಾಲೀಕರಿಗೆ ಬಗ್ಗದೇ ಇದ್ದದ್ದು ಒಂದು, ಮರ ಹತ್ತಿ ಬದುಕುವವನ ಹಸಿವು ಕಿವಿಗೆ ಬೀಳದೇ ಇದ್ದದ್ದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ನ್ಯಾಯವಲ್ಲ. ತ್ಯಾಗ ಮಾಡಿದವರಿಗೆ ತಮ್ಮ ಹಟವೆಲ್ಲ ಧರ್ಮವಾಗಿ ಕಾಣುವ ಅಪಾಯ ಇದೆ.

ಆದರೆ ಜಮೆಯ ಕಡೆಯೂ ನೋಡಬೇಕಲ್ಲ? ಆರ್ಥರ್ ಕಾಟನ್ ಕಾಲದ, 1855ರ ಹಳೆಯ ಅಣೆಕಟ್ಟು 1952ರಲ್ಲಿ ಒಡೆದಿತ್ತು. ಅದರ ಜಾಗಕ್ಕೆ ಹೊಸ ಬ್ಯಾರೇಜಿನ ಕೆಲಸ ಶುರುವಾದದ್ದು 1954ರಲ್ಲಿ, ಪ್ರಕಾಶಂ ಸರಕಾರ ಇದ್ದಾಗಲೇ. ಸರಕಾರ ಬಿತ್ತು, ಕೆಲಸ ನಿಲ್ಲಲಿಲ್ಲ. 1957ರ ಮೇ 20ರಂದು ಪ್ರಕಾಶಂ ಹೈದರಾಬಾದಿನಲ್ಲಿ ತೀರಿಕೊಂಡರು. ಬ್ಯಾರೇಜು ಮುಗಿದದ್ದು ಅದೇ ವರ್ಷದ ಡಿಸೆಂಬರಿನಲ್ಲಿ, ಅವರು ನೋಡಲಿಲ್ಲ. ನಮ್ಮ ಆಲಮಟ್ಟಿ ದಾಟಿ ಹರಿದುಹೋದ ಕೃಷ್ಣೆ ಇಲ್ಲಿಂದಲೇ ಕಾಲುವೆಗಳಿಗೆ ತಿರುಗಿ 12 ಲಕ್ಷ ಎಕರೆಗೂ ಹೆಚ್ಚು ಭೂಮಿಗೆ ಹೋಗುತ್ತಾಳೆ. 2024ರ ಸೆಪ್ಟೆಂಬರಿನ ಮಹಾಪೂರದಲ್ಲಿ 11 ಲಕ್ಷ ಕ್ಯೂಸೆಕ್ ಮೀರಿ ನೀರು ನುಗ್ಗಿ, ದೋಣಿಗಳು ಬಂದು ಬಡಿದರೂ ಬ್ಯಾರೇಜು ನಿಂತಿತು.

ಮಿತ್ರರೇ, ಒಂದು ಓಟಿಗೆ ಅವರನ್ನು ಬೀಳಿಸಿದವರ ಹೆಸರು ಯಾರಿಗೂ ನೆನಪಿಲ್ಲ. ಅಷ್ಟಕ್ಕೇ ಅವರು ಗೆದ್ದರು ಅಂತ ನಾನು ಬರೆಯುವುದಿಲ್ಲ. ಸೋತರು, ಸೋಲಬೇಕಾದ ಕಾರಣವೂ ಇತ್ತು. ಆದರೆ ಸೋತ ಮನುಷ್ಯ ಶುರುಮಾಡಿದ ಕೆಲಸವೆಲ್ಲ ಸೋಲಬೇಕಾಗಿಲ್ಲ. ಆ ನೀರು ಕುಡಿಯುವ ಗದ್ದೆಗಳಿಗೆ 69, 68ರ ಲೆಕ್ಕ ಗೊತ್ತಿಲ್ಲ.