ಗವಾನ್ ಕಟ್ಟಿದ ಹಾಸ್ಟೆಲ್, ಗವಾನನನ್ನು ಕೊಂದ ಪತ್ರ

ಬೀದರಿನ ಚೌಬಾರಾದಿಂದ ಕೋಟೆಗೆ ಹೋಗೋ ದಾರಿಯಲ್ಲಿ ಮಹಮೂದ್ ಗವಾನನ ಮದರಸಾ ಇದೆ. ಒಂದೇ ಮಿನಾರು, ಅದಕ್ಕಂಟಿದ ನೀಲಿ ಹೆಂಚಿನ ಚೂರುಗಳು. 1472ರಲ್ಲಿ ಮುಗಿದಾಗ ಇವತ್ತಿನ ಯಾವ ಐಷಾರಾಮಿ ಹೋಟೆಲಿಗೂ ಕಡಿಮೆ ಇರಲಿಲ್ಲ. ಆದ್ರೆ ಕಟ್ಟಿದ್ದು ಓದೋ ಹುಡುಗರಿಗೆ. ಮೂರು ಅಂತಸ್ತು, ಗ್ರಂಥಾಲಯ, ಊಟ-ವಸತಿ ಪುಕ್ಕಟೆ. ಒಂದು ಕಡೆ ಪೇಟೆ, ಇನ್ನೊಂದು ಕಡೆ ಕೋಟೆ. ಅಂಥ ಜಾಗದಲ್ಲಿ ಅಂಗಳವನ್ನು ನಡುವೆ ಬಿಟ್ಟು ಸುತ್ತ ಕೋಣೆ ಕಟ್ಟಿದರು. ಗದ್ದಲ ಹೊರಗೇ ಉಳಿಯಿತು. ಎಂಜಿನಿಯರಿಂಗ್ ಓದಿದ ನನಗೆ ಈ ಪ್ಲಾನ್ ನೋಡಿದರೆ ಈಗಲೂ ಹೊಟ್ಟೆಕಿಚ್ಚು.

ಗವಾನ್ ಇರಾನಿನ ಗೀಲಾನಿನವನು. ನಲವತ್ತು ದಾಟಿದ ಮೇಲೆ ವ್ಯಾಪಾರಿಯಾಗಿ ದಾಭೋಳದಲ್ಲಿಳಿದು, ಬೀದರಿಗೆ ಬಂದು, ಬಹಮನಿ ಪ್ರಧಾನಿಯಾದ. ನಾಲ್ಕು ಪ್ರಾಂತಗಳನ್ನು ಎಂಟು ಮಾಡಿ ಸರದಾರರ ರೆಕ್ಕೆ ಕತ್ತರಿಸಿದ. ದಖನಿ-ಪರದೇಸಿ ಜಗಳದ ಆಸ್ಥಾನ ಅದು, ಸುಮ್ಮನಿದ್ದಾರಾ? ಅವನ ಮೊಹರು ಬಿದ್ದ ಖಾಲಿ ಹಾಳೆಯ ಮೇಲೆ, ಒಡಿಶಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆಯೋ ಪತ್ರ ಬರೆದರು. ಕುಡಿದಿದ್ದ ಸುಲ್ತಾನ ವಿಚಾರಿಸಲೇ ಇಲ್ಲ. 1481ರ ಏಪ್ರಿಲ್‌ನಲ್ಲಿ ತಲೆ ಹಾರಿಸಿದರು. ಆಮೇಲೆ ಅವನ ಖಜಾನೆ ಜಾಲಾಡಿದವರಿಗೆ ಹೆಚ್ಚೇನೂ ಸಿಗಲಿಲ್ಲ.

1696ರಲ್ಲಿ, ಮೊಘಲರ ಕಾಲಕ್ಕೆ, ಮದರಸಾದಲ್ಲಿ ಇಟ್ಟಿದ್ದ ಮದ್ದು ಸಿಡಿದು ಮುಂಭಾಗದ ಅರ್ಧ ಹೋಯಿತು. ಗವಾನನ ಗೋರಿ ಊರಾಚೆ, ಗೋರ್ನಳ್ಳಿ ಹತ್ತಿರ.