ರೈಲು ಯೋಜನೆ ಪ್ರಶ್ನಿಸಿದ್ದಕ್ಕೆ ಕೆಲಸವೂ ಹೋಯ್ತು, ಊರೂ ಬಿಡಬೇಕಾಯ್ತು: ಸರೋಜಿನಿ ನಾಯ್ಡು ತಂದೆ ಅಘೋರನಾಥರ ಕಥೆ

ಸರೋಜಿನಿ ನಾಯ್ಡು ಹೆಸರು ಕೇಳದವರು ಕಡಿಮೆ. ಆದರೆ ಅವರ ತಂದೆ ಡಾ. ಅಘೋರನಾಥ ಚಟ್ಟೋಪಾಧ್ಯಾಯರನ್ನು ಹೈದರಾಬಾದ್ ಸರ್ಕಾರ ಕೆಲಸದಿಂದ ಅಮಾನತು ಮಾಡಿ, ರಾಜ್ಯದಿಂದಲೇ ಗಡಿಪಾರು ಮಾಡಿದ್ದು ಹೆಚ್ಚಿನವರಿಗೆ ಗೊತ್ತಿಲ್ಲ. ಅವರು ಹಣ ತಿಂದಿರಲಿಲ್ಲ, ಕೆಲಸದಲ್ಲಿ ಲೋಪ ಮಾಡಿರಲಿಲ್ಲ. ಸರ್ಕಾರದ ಒಂದು ರೈಲು ಯೋಜನೆಯ ಬಗ್ಗೆ ಪ್ರಶ್ನೆ ಕೇಳಿದ್ದರು, ಅಷ್ಟೇ.

ಬಂಗಾಳದಿಂದ ಹೈದರಾಬಾದ್‌ಗೆ

ಅಘೋರನಾಥರು ಹುಟ್ಟಿದ್ದು 1851ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಬಿಕ್ರಂಪುರ ಪ್ರದೇಶದಲ್ಲಿ. ವಿದ್ಯಾರ್ಥಿ ವೇತನ ಪಡೆದು ಸ್ಕಾಟ್ಲೆಂಡ್‌ಗೆ ಹೋದ ಅವರು 1877ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದಿಂದ ಡಿ.ಎಸ್‌ಸಿ ಪದವಿ ಪಡೆದರು. ರಸಾಯನಶಾಸ್ತ್ರ ಅವರ ವಿಷಯ.

ಊರಿಗೆ ಮರಳಿದ ಬಳಿಕ ನಿಜಾಮ್ ಸರ್ಕಾರದ ಕರೆಯ ಮೇಲೆ ಹೈದರಾಬಾದ್‌ಗೆ ಬಂದು, ಅಲ್ಲಿ ಇಂಗ್ಲಿಷ್ ಮಾಧ್ಯಮದ ಶಿಕ್ಷಣಕ್ಕೆ ಬುನಾದಿ ಹಾಕಿದರು. ಅವರು ಕಟ್ಟಿದ ಹೈದರಾಬಾದ್ ಕಾಲೇಜೇ ಮುಂದೆ ನಿಜಾಮ್ ಕಾಲೇಜ್ ಆಯಿತು. 1879ರ ಫೆಬ್ರವರಿ 13ರಂದು ಹಿರಿಯ ಮಗಳು ಸರೋಜಿನಿ ಹುಟ್ಟಿದ್ದು ಇದೇ ಊರಿನಲ್ಲಿ.

ಏನಿದು ಚಾಂದಾ ರೈಲು ವಿವಾದ?

ಈಗಿನ ಕಲಬುರಗಿ ಜಿಲ್ಲೆಯ ವಾಡಿಯಿಂದ ಹೈದರಾಬಾದ್‌ಗೆ 1874ರಲ್ಲೇ ರೈಲು ಓಡತೊಡಗಿತ್ತು. ಈ ಮಾರ್ಗವನ್ನು ಕಲ್ಲಿದ್ದಲು ಸಿಗುವ ಚಾಂದಾ, ಅಂದರೆ ಈಗಿನ ಮಹಾರಾಷ್ಟ್ರದ ಚಂದ್ರಾಪುರದ ಕಡೆಗೆ ವಿಸ್ತರಿಸುವ ಮಾತುಕತೆ ಲಂಡನ್‌ನ ಬಂಡವಾಳದಾರರ ಜೊತೆ ನಡೆಯುತ್ತಿತ್ತು. ಹಣ ಹೂಡಿದವರಿಗೆ ಬಡ್ಡಿಯ ಖಾತರಿ ಕೊಡಬೇಕಾದದ್ದು ನಿಜಾಮ್ ಸರ್ಕಾರ. ಅಂದರೆ ಹೊರೆ ಬೀಳುವುದು ರಾಜ್ಯದ ಬೊಕ್ಕಸದ ಮೇಲೆ. ಆ ಬೊಕ್ಕಸಕ್ಕೆ ಕಂದಾಯ ಕಟ್ಟುತ್ತಿದ್ದವರಲ್ಲಿ ಕಲಬುರಗಿ, ರಾಯಚೂರು, ಬೀದರ್‌ನ ರೈತರೂ ಇದ್ದರು.

1883ರ ಫೆಬ್ರವರಿಯಲ್ಲಿ ದಿವಾನ ಒಂದನೇ ಸಾಲಾರ್ ಜಂಗ್ ತೀರಿಕೊಂಡರು. ಆರನೇ ನಿಜಾಮ್ ಮಹಬೂಬ್ ಅಲಿ ಖಾನ್‌ಗೆ ಇನ್ನೂ ಅಧಿಕಾರ ಸಿಕ್ಕಿರಲಿಲ್ಲ. ಇಂಥ ಹೊತ್ತಿನಲ್ಲಿ ಇಷ್ಟು ದೊಡ್ಡ ಒಪ್ಪಂದ ಮಾಡಿಕೊಳ್ಳುವ ಮೊದಲು ಅದರ ಷರತ್ತುಗಳು ಜನರಿಗೆ ತಿಳಿಯಲಿ, ಚರ್ಚೆಯಾಗಲಿ ಎಂಬುದು ಅಘೋರನಾಥರ ಬೇಡಿಕೆ. ಮುಲ್ಲಾ ಅಬ್ದುಲ್ ಖಯ್ಯೂಮ್ ಅವರಂಥ ಗೆಳೆಯರು ಜೊತೆಗೂಡಿದರು. ಸಮಿತಿ ರಚನೆಯಾಯಿತು, ಊರಲ್ಲಿ ಚರ್ಚೆ ಶುರುವಾಯಿತು.

ಸರ್ಕಾರಕ್ಕೆ ಇದು ಸಹನೆಯಾಗಲಿಲ್ಲ. 1883ರ ಮೇ 20ರಂದು ಅಘೋರನಾಥರನ್ನು ಹೈದರಾಬಾದ್‌ನಿಂದ ಹೊರಗೆ ಕಳುಹಿಸಲಾಯಿತು. ಆಗ ಸರೋಜಿನಿಗೆ ನಾಲ್ಕು ವರ್ಷ. ಅಘೋರನಾಥರಿಗೆ ಸಂಬಳ ಕೊಡುತ್ತಿದ್ದುದೂ, ಶಿಕ್ಷೆ ವಿಧಿಸಿದ್ದೂ ಒಂದೇ ಸರ್ಕಾರ.

ಆಮೇಲೆ ಏನಾಯ್ತು?

ರೈಲು ಒಪ್ಪಂದ ಅದೇ ವರ್ಷ ಮುಗಿದುಹೋಯಿತು. ಆದರೆ ಲಂಡನ್ ವ್ಯವಹಾರಗಳ ಬಗ್ಗೆ ಎದ್ದಿದ್ದ ಅನುಮಾನ ಹುಸಿಯಾಗಿರಲಿಲ್ಲ. ರೈಲು ಮಾತುಕತೆ ನಡೆಸಿದ್ದ ಅಧಿಕಾರಿ ಅಬ್ದುಲ್ ಹಕ್ ಹೆಸರು ಮುಂದೆ ಹೈದರಾಬಾದ್ ಡೆಕ್ಕನ್ ಗಣಿ ಕಂಪನಿಯ ಷೇರು ಹಗರಣದಲ್ಲಿ ಕೇಳಿಬಂತು. 1888ರಲ್ಲಿ ಬ್ರಿಟನ್ ಸಂಸತ್ತಿನ ಸಮಿತಿಯೇ ಈ ಹಗರಣದ ತನಿಖೆ ನಡೆಸಿತು. ಹಕ್ ಹುದ್ದೆ ಕಳೆದುಕೊಂಡರು.

ಕೆಲ ವರ್ಷಗಳ ಬಳಿಕ ಅಘೋರನಾಥರನ್ನು ಸರ್ಕಾರ ಮರಳಿ ಕರೆಸಿಕೊಂಡಿತು. 1895ರಲ್ಲಿ ಸರೋಜಿನಿ ಇಂಗ್ಲೆಂಡ್‌ಗೆ ಓದಲು ಹೋಗಿದ್ದು ನಿಜಾಮರ ವಿದ್ಯಾರ್ಥಿ ವೇತನದಿಂದಲೇ. ಆದರೂ ಅಘೋರನಾಥರು ಸುಮ್ಮನಾಗಲಿಲ್ಲ. ಕಾಂಗ್ರೆಸ್‌ನ ಆರಂಭದ ದಿನಗಳಲ್ಲೇ ಅದರ ಜೊತೆ ನಿಂತರು. ಅವರ ರಾಜಕೀಯ ಚಟುವಟಿಕೆಯಿಂದ ಮತ್ತೆ ಸರ್ಕಾರದ ಜೊತೆ ತಿಕ್ಕಾಟವಾಗಿ, ಕೊನೆಗೆ ಅವಧಿಗೆ ಮುನ್ನವೇ ನಿವೃತ್ತಿಯಾಗಿ ಕಲ್ಕತ್ತಾಗೆ ಹೋಗಬೇಕಾಯಿತು. 1915ರಲ್ಲಿ ಅಲ್ಲೇ ನಿಧನರಾದರು.

ಅವರ ಇನ್ನೊಬ್ಬ ಮಗ, ಕವಿ ಹರೀಂದ್ರನಾಥರನ್ನು ಮುಂದೆ ಮದುವೆಯಾದವರು ನಮ್ಮ ಮಂಗಳೂರಿನ ಕಮಲಾದೇವಿ. ಕಮಲಾದೇವಿ ಚಟ್ಟೋಪಾಧ್ಯಾಯ ಎಂಬ ಹೆಸರಿನಲ್ಲಿ ಉಳಿದಿರುವುದು ಇದೇ ಮನೆತನ.

ಇಂದು ಹೀಗಾದರೆ?

ಸಂವಿಧಾನದ 311ನೇ ವಿಧಿಯ ಪ್ರಕಾರ ಸರ್ಕಾರಿ ನೌಕರರನ್ನು ವಜಾ ಮಾಡುವ ಮೊದಲು ಆರೋಪ ತಿಳಿಸಿ, ವಿಚಾರಣೆ ನಡೆಸಿ, ಅವರ ಮಾತು ಕೇಳಬೇಕು. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಇದು ಕಡ್ಡಾಯ. ಕ್ರಮ ಅನ್ಯಾಯ ಎನಿಸಿದರೆ ಆಡಳಿತ ನ್ಯಾಯಮಂಡಳಿ, ಹೈಕೋರ್ಟ್ ಮೆಟ್ಟಿಲೇರಬಹುದು. 1883ರಲ್ಲಿ ಇಂಥ ಹಕ್ಕು ಅಘೋರನಾಥರಿಗೆ ಇರಲಿಲ್ಲ. ಖಾಸಗಿ ಕಂಪನಿಗಳಲ್ಲಿ ದುಡಿಯುವವರಿಗೆ ಇಂದಿಗೂ 311ನೇ ವಿಧಿ ಅನ್ವಯಿಸುವುದಿಲ್ಲ.

ಹೈದರಾಬಾದ್‌ನ ನಾಂಪಲ್ಲಿಯಲ್ಲಿ ಅಘೋರನಾಥರ ಮನೆ ಗೋಲ್ಡನ್ ಥ್ರೆಶೋಲ್ಡ್ ಈಗಲೂ ಇದೆ. ಮಗಳ ಮೊದಲ ಕವನ ಸಂಕಲನದ ಹೆಸರೇ ಮನೆಗೂ ಬಂದಿದೆ. 1974ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ ಶುರುವಾಗಿದ್ದು ಇದೇ ಕಟ್ಟಡದಲ್ಲಿ. ಯಾವ ಊರಿನಿಂದ ಮೇಷ್ಟ್ರನ್ನು ಹೊರಹಾಕಲಾಗಿತ್ತೋ, ಆ ಊರಿನ ಹೆಸರು ಹೊತ್ತ ವಿಶ್ವವಿದ್ಯಾಲಯದ ಮೊದಲ ವಿಳಾಸ ಆ ಮೇಷ್ಟ್ರ ಮನೆಯೇ ಆಗಿತ್ತು.