ಡಾ. ಸೈಫುದ್ದೀನ್ ಕಿಚ್ಲು: ಶೋಕವನ್ನು ಸೇವೆಯಾಗಿಸಿದ ನಾಯಕ

ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಪಾಠವನ್ನು ನೀವೆಲ್ಲ ಓದಿದ್ದೀರಿ. ಜನರಲ್ ಡಯರನ ಹೆಸರು ನಿಮಗೆ ಬಾಯಿಪಾಠ. ಆದರೆ ಅಂದು ಜನ ಯಾರ ಬಂಧನವನ್ನು ಖಂಡಿಸಲು ಅಲ್ಲಿ ಸೇರಿದ್ದರೆಂದು ಕೇಳಿದರೆ ಹಲವರು ಸುಮ್ಮನಾಗುತ್ತೀರಿ. ಅವರಲ್ಲಿ ಒಬ್ಬರು ಡಾ. ಸತ್ಯಪಾಲ್, ಇನ್ನೊಬ್ಬರು ಡಾ. ಸೈಫುದ್ದೀನ್ ಕಿಚ್ಲು.

ಕಿಚ್ಲು ಅವರು 1888ರಲ್ಲಿ ಅಮೃತಸರದ ಕಾಶ್ಮೀರಿ ಮೂಲದ ಮುಸ್ಲಿಂ ಮನೆತನದಲ್ಲಿ ಜನಿಸಿದರು. ಕೇಂಬ್ರಿಡ್ಜ್‌ನಲ್ಲಿ ಓದಿ, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು, ಬ್ಯಾರಿಸ್ಟರ್ ಆಗಿ ಊರಿಗೆ ಮರಳಿದರು. ಹಣ, ಹೆಸರು ಎರಡನ್ನೂ ಗಳಿಸುವ ದಾರಿ ಅವರ ಮುಂದೆ ತೆರೆದಿತ್ತು. ಅವರು ಆರಿಸಿಕೊಂಡದ್ದು ದೇಶಸೇವೆಯನ್ನು.

1919ರಲ್ಲಿ, ವಿಚಾರಣೆಯಿಲ್ಲದೆ ಯಾರನ್ನಾದರೂ ಬಂಧಿಸಲು ಅವಕಾಶ ನೀಡುವ ರೌಲಟ್ ಕಾಯ್ದೆ ಬಂತು. ಕಿಚ್ಲು ಮತ್ತು ಸತ್ಯಪಾಲ್ ಶಾಂತಿಯುತ ಹರತಾಳಕ್ಕೆ ಕರೆಕೊಟ್ಟರು. ಏಪ್ರಿಲ್ 9ರ ರಾಮನವಮಿ ಮೆರವಣಿಗೆಯಲ್ಲಿ ಮುಸ್ಲಿಮರೂ ಭಾಗವಹಿಸಿದರು. ಹಿಂದೂ ಮುಸ್ಲಿಮರು ಒಂದೇ ಪಾತ್ರೆಯಿಂದ ನೀರು ಕುಡಿದರು. ಆಳುವವರಿಗೆ ಈ ಐಕ್ಯವೇ ಭಯ ಹುಟ್ಟಿಸಿತು. ಮರುದಿನ ಜಿಲ್ಲಾಧಿಕಾರಿ ಇಬ್ಬರನ್ನೂ ತನ್ನ ಬಂಗಲೆಗೆ ಕರೆಸಿಕೊಂಡು, ಅಲ್ಲಿಂದಲೇ ಧರ್ಮಶಾಲಾಕ್ಕೆ ಸಾಗಿಸಿದ. ಅವರ ಬಿಡುಗಡೆ ಕೇಳಲು ಹೊರಟವರ ಮೇಲೆ ಗುಂಡು ಹಾರಿತು. ಉದ್ರಿಕ್ತ ಗುಂಪಿನ ಕೈಯಲ್ಲಿ ಐವರು ಯುರೋಪಿಯನ್ನರೂ ಹತರಾದರು. ಏಪ್ರಿಲ್ 11ರಂದು ಊರಿನವರು ತಮ್ಮ ಸತ್ತವರ ಅಂತ್ಯಕ್ರಿಯೆ ಮಾಡಿದರು.

ಏಪ್ರಿಲ್ 13, ಬೈಸಾಖಿ ಹಬ್ಬ. ಜಲಿಯನ್‌ವಾಲಾ ಬಾಗ್ ಸಭೆಯ ಅಧ್ಯಕ್ಷ ಪೀಠದಲ್ಲಿ ಕಿಚ್ಲು ಅವರ ಭಾವಚಿತ್ರವಿತ್ತು. ಡಯರನ ಸೈನಿಕರು ಸುಮಾರು 1650 ಗುಂಡು ಹಾರಿಸಿದರು. ಸರ್ಕಾರ ಒಪ್ಪಿಕೊಂಡ ಸಾವು 379. ಕಾಂಗ್ರೆಸ್ ತನಿಖೆಯ ಪ್ರಕಾರ ಸುಮಾರು 1000. ಆ ರಾತ್ರಿ ಕರ್ಫ್ಯೂ ಇದ್ದುದರಿಂದ ಅನೇಕರಿಗೆ ತಮ್ಮವರ ಮಯ್ಯತ್ ಮನೆಗೆ ತರಲೂ ಆಗಲಿಲ್ಲ. ಅಳುವ ಹಕ್ಕನ್ನೂ ಕಸಿದುಕೊಂಡ ರಾತ್ರಿ ಅದು.

ದೂರದಲ್ಲಿ ಬಂಧನದಲ್ಲಿದ್ದ ಕಿಚ್ಲು ಅವರಿಗೆ ಮುಂದೆ ಜೀವಾವಧಿ ಗಡೀಪಾರಿನ ಶಿಕ್ಷೆಯಾಯಿತು. ಡಿಸೆಂಬರ್‌ನಲ್ಲಿ ಬಿಡುಗಡೆಯಾಗಿ ಬಂದಾಗ ಅದೇ ಅಮೃತಸರದಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತ್ತು. ದೇಶದ ಮೂಲೆಮೂಲೆಯಿಂದ ಬಂದವರು ದುಃಖದಲ್ಲಿ ಪಾಲುಗೊಂಡರು. ಮುಂದಿನ ವರ್ಷ ಸಾರ್ವಜನಿಕರ ವಂತಿಗೆಯಿಂದ ಆ ಮೈದಾನವನ್ನು ಸ್ಮಾರಕಕ್ಕಾಗಿ ಕೊಳ್ಳಲಾಯಿತು.

ಕಿಚ್ಲು ಅಷ್ಟಕ್ಕೆ ನಿಲ್ಲಲಿಲ್ಲ. 1920ರಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸ್ಥಾಪನಾ ಸಮಿತಿಯಲ್ಲಿ ಸೇರಿದರು. 1921ರ ಕರಾಚಿ ಮೊಕದ್ದಮೆಯಲ್ಲಿ ಅಲಿ ಸಹೋದರರೊಂದಿಗೆ ಮತ್ತೆ ಜೈಲು ಕಂಡರು. ದೇಶ ವಿಭಜನೆಯನ್ನು ಕಟುವಾಗಿ ವಿರೋಧಿಸಿದರು. 1947ರ ಗಲಭೆಯಲ್ಲಿ ಅಮೃತಸರದ ಅವರ ಮನೆಯೇ ಸುಟ್ಟುಹೋಯಿತು. ಒಂದೇ ಪಾತ್ರೆಯ ನೀರು ಕುಡಿದಿದ್ದ ಊರದು! ಆದರೂ ಅವರು ಭಾರತ ಬಿಡಲಿಲ್ಲ, ದ್ವೇಷವನ್ನೂ ಕಟ್ಟಿಕೊಳ್ಳಲಿಲ್ಲ. ದೆಹಲಿಯಲ್ಲಿ ನೆಲೆಸಿ ವಿಶ್ವಶಾಂತಿಗಾಗಿ ದುಡಿದರು. 1952ರಲ್ಲಿ ಸೋವಿಯತ್ ಒಕ್ಕೂಟದ ಶಾಂತಿ ಪ್ರಶಸ್ತಿ ಅವರಿಗೆ ಸಂದಿತು. 1951ರ ಕಾಯ್ದೆಯಂತೆ ರಚಿತವಾದ ಬಾಗ್‌ನ ಸ್ಮಾರಕ ಟ್ರಸ್ಟಿನಲ್ಲಿ ನೆಹರೂ ಮತ್ತು ಮೌಲಾನಾ ಆಜಾದರೊಂದಿಗೆ ಅವರೂ ಆಜೀವ ಸದಸ್ಯರಾಗಿದ್ದರು. 1961ರ ಏಪ್ರಿಲ್ 13ರಂದು ಸ್ಮಾರಕ ಉದ್ಘಾಟನೆಯಾಯಿತು. 1963ರ ಅಕ್ಟೋಬರ್ 9ರಂದು ಅವರು ಅಲ್ಲಾಹನ ಕರೆಗೆ ಓಗೊಟ್ಟರು.

ಮಿತ್ರರೇ, ದೇಶಕ್ಕೆ ಆಪತ್ತು ಬಂದಾಗ ನಾವು ಶಾಲೆಯಂಗಳದಲ್ಲಿ ಸೇರಿ ಎರಡು ನಿಮಿಷ ಮೌನ ಆಚರಿಸುತ್ತೇವೆ. ಅದು ಅಗತ್ಯ. ಆದರೆ ಮೌನ ಮುಗಿದ ಮೇಲೆ ಏನು? ಪಕ್ಕದಲ್ಲಿ ನಿಂತ ಬೇರೆ ಧರ್ಮದ ಗೆಳೆಯನ ಕೈ ಬಿಡದಿರುವುದು, ವಿದ್ಯೆಯ ದೀಪ ಆರದಂತೆ ನೋಡಿಕೊಳ್ಳುವುದು. ಕಿಚ್ಲು ಅವರ ಬಾಳು ಕೊಡುವ ಉತ್ತರ ಇದೇ. ಅಲ್ಲಾಹನು ಅವರ ಮಗ್ಫಿರತ್ ಮಾಡಲಿ. ಆಮೀನ್.